ಸೆಳವಿನಲ್ಲಿ ಪ್ಲಗ್ ಎಳೆಯಲು ಎಂಥ ರಾಡ್ ಬೇಕು

ಮೀನು ಹಿಡಿಯುವ ಸಾಮಾನಿನ ಅಂಗಡಿಯಲ್ಲಿ ‘ಲ್ಯೂರ್ ರಾಡ್’, ಅಂದರೆ ಹುಸಿ ಮೀನು ಕಟ್ಟಿ ಎಸೆಯುವ ಗಾಳದ ಕೋಲು, ಕೊಡಿ ಎಂದರೆ ಸಾಮಾನ್ಯವಾಗಿ ಕೈಗೆ ಬರುವುದು ಏಳು ಅಡಿಯೊಳಗಿನ, ‘ಫಾಸ್ಟ್ ಆಕ್ಷನ್’ ಎಂದು ಬರೆದ ಕಾರ್ಬನ್ ರಾಡ್. ತುದಿಯ ಒಂದೂವರೆ ಎರಡು ಅಡಿ ಬಿಟ್ಟರೆ ಉಳಿದದ್ದು ಸುಲಭಕ್ಕೆ ಬಾಗುವುದಿಲ್ಲ. ಎಸೆದು ಸುತ್ತುವ ಕೆಲಸಕ್ಕೆ ಅದು ಒಳ್ಳೆಯ ರಾಡೇ. ಅದನ್ನೇ ಹಿಡಿದು ಹೊಳೆಯ ಸೆಳವಿನಲ್ಲಿ ಪ್ಲಗ್ ಎಳೆಯಲು ಹೋದರೆ ಮೀನು ಬಡಿಯುತ್ತದೆ, ಗಾಳ ನಿಲ್ಲುವುದಿಲ್ಲ. ತಪ್ಪು ಗಾಳದ್ದೂ ಅಲ್ಲ, ಪ್ಲಗ್ಗಿನದ್ದೂ ಅಲ್ಲ, ರಾಡ್ ಬಾಗುವ ರೀತಿಯದು.

ಪ್ಲಗ್ ಎಂದರೆ ಮೂತಿಯ ಕೆಳಗೆ ನಾಲಿಗೆಯಂಥ ತಗಡು ಇರುವ, ಇಲ್ಲವೇ ಬಾಳೆಹಣ್ಣಿನಂತೆ ಬಾಗಿದ, ಮರದ ಅಥವಾ ಪ್ಲಾಸ್ಟಿಕ್ಕಿನ ಮೀನು. ಎಸೆದು ಸುತ್ತುವಾಗ ಅದನ್ನು ಓಡಿಸುವುದು ರೀಲು. ಎಳೆಯುವ ಪದ್ಧತಿಯಲ್ಲಿ ಓಡಿಸುವುದು ಹೊಳೆ. ದೋಣಿಯಿಂದ ಹನ್ನೆರಡರಿಂದ ಹದಿನೆಂಟು ಮೀಟರ್ ಕೆಳಕ್ಕೆ ಪ್ಲಗ್ ಬಿಟ್ಟು, ಮೇಲ್ಹೊಳೆಯ ಕಡೆಗೆ ಹುಟ್ಟು ಹಾಕುತ್ತಾ ದೋಣಿಯನ್ನು ತಡೆದು ಹಿಡಿಯುತ್ತಾರೆ. ನೀರು ದೋಣಿಗಿಂತ ಬೇಗ ಹರಿಯುವುದರಿಂದ ಪ್ಲಗ್ ತಾನಾಗಿ ಮುಳುಗಿ, ಮೈ ಅಲುಗಿಸುತ್ತಾ, ಬಂಡೆಯ ಮರೆಯಲ್ಲಿ ನಿಂತ ಮೀನಿನ ಮುಖಕ್ಕೆ ಎದುರಾಗಿ ನಿಧಾನವಾಗಿ ಹಿಂದಕ್ಕೆ ಸರಿಯುತ್ತಾ ಹೋಗುತ್ತದೆ. ಹಸಿವಿಲ್ಲದ ಮೀನೂ ತನ್ನ ಜಾಗಕ್ಕೆ ನುಗ್ಗಿ ಬಂದದ್ದನ್ನು ಕಚ್ಚುತ್ತದೆ. ಅಮೆರಿಕದ ಆರೆಗನ್, ವಾಷಿಂಗ್ಟನ್ ರಾಜ್ಯಗಳ ಹೊಳೆಗಳಲ್ಲಿ ಸ್ಟೀಲ್‌ಹೆಡ್ ಮತ್ತು ಸಾಲ್ಮನ್ ಹಿಡಿಯಲು ಬೆಳೆದ ಪದ್ಧತಿ ಇದು. ಮಹಶೀರ್ ಕೂಡ ಸೆಳವಿನಲ್ಲಿ ಬಂಡೆಯ ಬುಡ ಹಿಡಿದು ನಿಲ್ಲುವ ಮೀನು, ಮುಳುಗುವ ಪ್ಲಗ್ಗನ್ನು ಜೋರಾಗಿ ಹೊಡೆಯುವ ಮೀನು. ಹಾಗಾಗಿ ಸಿದ್ದಾಪುರದಿಂದ ಕುಶಾಲನಗರದವರೆಗಿನ ಕಾವೇರಿಯಂಥ ನೀರಿಗೆ ಈ ಪದ್ಧತಿ ಒಗ್ಗುತ್ತದೆ.

ಕಚ್ಚಿದ ಕ್ಷಣದಲ್ಲಿ ಆಗುವುದೇನು

ರಾಡ್ ಆಯ್ಕೆಯೆಲ್ಲ ನಿಂತಿರುವುದು ಇದೊಂದರ ಮೇಲೆ. ರಾಗಿ ಮುದ್ದೆ ಕಟ್ಟಿ ತಳಕ್ಕೆ ಬಿಟ್ಟಾಗ ಮೀನು ಮುದ್ದೆಯನ್ನು ಬಾಯಿಗೆ ತೆಗೆದುಕೊಂಡು ಸ್ವಲ್ಪ ದೂರ ಹೋಗಲು ಲೈನ್ ಸಡಿಲ ಇರುತ್ತದೆ. ಪ್ಲಗ್ ಎಳೆಯುವಾಗ ಲೈನ್ ಮೊದಲೇ ತಂತಿಯಂತೆ ಬಿಗಿದಿರುತ್ತದೆ. ಮೀನು ಇರುವುದು ನೇರ ಕೆಳಹೊಳೆಯಲ್ಲಿ, ಅದರ ಬಾಯಿ ನಮ್ಮ ಕಡೆಗೆ. ಅದು ಬಾಯಿ ಮುಚ್ಚಿದ ಕೂಡಲೇ ಗಟ್ಟಿ ತುದಿಯ ರಾಡ್ ಎದುರು ಎಳೆದರೆ ಪ್ಲಗ್ ಬಾಯಿಂದ ನೇರ ಮುಂದಕ್ಕೆ ಜಾರಿ ಬರುತ್ತದೆ. ಕೈಗೆ ಒಂದು ‘ಟಕ್’ ಸಿಗುತ್ತದೆ, ಅಷ್ಟೇ.

ಮೆತ್ತನೆ ತುದಿಯ ರಾಡ್ ಆ ಹೊತ್ತಿನಲ್ಲಿ ಒಂದೆರಡು ಅಡಿ ಬಾಗಿ ಜಾಗ ಕೊಡುತ್ತದೆ. ಮೀನು ಪ್ಲಗ್ ಕಚ್ಚಿಕೊಂಡೇ ಪಕ್ಕಕ್ಕೋ ಕೆಳಕ್ಕೋ ಹೊರಳುತ್ತದೆ. ಹೊರಳಿದಾಗ ಲೈನ್ ಅದರ ಕೆನ್ನೆಯ ಪಕ್ಕದಿಂದ ಎಳೆಯುತ್ತದೆ, ಗಾಳ ಬಾಯಿಯ ಮೂಲೆಯಲ್ಲಿ ನಾಟುತ್ತದೆ. ಅಷ್ಟು ಹೊತ್ತಿಗೆ ಬಾಗು ರಾಡಿನ ನಡುವಿಗೆ ಇಳಿದಿರಬೇಕು. ಅಲ್ಲಿಂದ ಕೆಳಗೆ ರಾಡ್ ಗಟ್ಟಿ ಇರಬೇಕು, ಏಕೆಂದರೆ ಮಹಶೀರಿನ ಮೊದಲ ಓಟ ಬಂಡೆಯ ಕಡೆಗೇ.

ಆದ್ದರಿಂದ ಬೇಕಾದದ್ದು ಮೇಲಿನ ಅರ್ಧ ಸರಾಗವಾಗಿ ಬಾಗುವ, ಕೆಳಗಿನ ಅರ್ಧ ಬಲವಾಗಿರುವ ರಾಡ್. ಇಡೀ ಉದ್ದಕ್ಕೂ ಮೆತ್ತಗಿರುವ ರಾಡ್ ಗಾಳ ನಾಟಿಸುತ್ತದೆ, ಆದರೆ ಮೀನನ್ನು ಬಂಡೆಯಿಂದ ತಿರುಗಿಸಲಾರದು.

ರಾಡಿನ ಮೇಲೆ ಬರೆದಿರುವುದನ್ನು ಓದುವುದು

ಹಿಡಿಯ ಮೇಲ್ಭಾಗದಲ್ಲಿ ಉದ್ದ, ಲೈನಿನ ಬಲ, ಲ್ಯೂರಿನ ತೂಕ, ಪವರ್, ಆಕ್ಷನ್ ಎಂದು ಐದು ವಿವರ ಇರುತ್ತದೆ. ಪವರ್ ಮತ್ತು ಆಕ್ಷನ್ ಒಂದೇ ಎಂದುಕೊಂಡು ಹಣ ಕಳೆದುಕೊಳ್ಳುವವರು ಬಹಳ. ಬಾಗಿಸಲು ಎಷ್ಟು ಭಾರ ಬೇಕು ಎನ್ನುವುದು ಪವರ್. ಎಲ್ಲಿಂದ ಬಾಗುತ್ತದೆ ಎನ್ನುವುದು ಆಕ್ಷನ್. ‘ಮೀಡಿಯಂ ಹೆವಿ’ ಪವರಿನ ರಾಡ್ ಫಾಸ್ಟ್ ಆಗಿಯೂ ಇರಬಹುದು, ಮಾಡರೇಟ್ ಆಗಿಯೂ ಇರಬಹುದು. ನಮಗೆ ಬೇಕಾದದ್ದು ನಡುವಿನವರೆಗೆ ಬಾಗುವ ಮಾಡರೇಟ್. ಅದು ಸಿಗದಿದ್ದರೆ ಮಾಡರೇಟ್ ಫಾಸ್ಟ್. ಕೆಲವು ಕಂಪನಿಗಳು ಮಾಡರೇಟನ್ನೇ ‘ರೆಗ್ಯುಲರ್’ ಎನ್ನುತ್ತವೆ. ‘ಕ್ರ್ಯಾಂಕ್‌ಬೈಟ್ ರಾಡ್’ ಎಂದು ಮಾರುವುದೂ ಇದೇ ಜಾತಿಗೆ ಹತ್ತಿರ, ಉದ್ದ ಮಾತ್ರ ಕಡಿಮೆ.

ಕಾವೇರಿಯಲ್ಲಿ ಎಂಟರಿಂದ ಹನ್ನೆರಡು ಸೆಂಟಿಮೀಟರಿನ, ಹತ್ತರಿಂದ ಇಪ್ಪತ್ತೈದು ಗ್ರಾಂ ತೂಗುವ ಪ್ಲಗ್ ಎಳೆಯುವವರಿಗೆ ನಾವು ಹೇಳುವ ಅಳತೆ ಇದು: ಉದ್ದ ಎಂಟೂವರೆ ಅಡಿ, ಲೈನ್ 12–25 ಪೌಂಡ್ ಅಂದರೆ ಸುಮಾರು ಐದೂವರೆಯಿಂದ ಹನ್ನೊಂದು ಕಿಲೋ, ಲ್ಯೂರ್ 10–35 ಗ್ರಾಂ, ಪವರ್ ಮೀಡಿಯಂ ಹೆವಿ, ಆಕ್ಷನ್ ಮಾಡರೇಟ್. ಸ್ಟೀಲ್‌ಹೆಡ್ಡಿಗೆಂದು ತಯಾರಾಗುವ 8–12 ಪೌಂಡಿನ ರಾಡುಗಳ ಬಾಗು ಬಹಳ ಚೆನ್ನಾಗಿರುತ್ತದೆ, ಆದರೆ ಬಂಡೆಗಳ ನಡುವಿನ ಮಹಶೀರಿಗೆ ಅವು ಸಾಲವು. ದೊಡ್ಡ ಸಾಲ್ಮನ್ನಿಗೆಂದು ಮಾಡಿದ 15–30 ಪೌಂಡಿನವು ದೊಡ್ಡ ಪ್ಲಗ್ಗಿಗೆ ಸರಿ, ಎಂಟು ಸೆಂಟಿಮೀಟರಿನ ಪ್ಲಗ್ಗಿಗೆ ತುದಿ ಅಲುಗುವುದೇ ಇಲ್ಲ.

ಅಂಗಡಿಯಲ್ಲೇ ಪರೀಕ್ಷೆ

ಬರೆದದ್ದನ್ನು ಪೂರ್ತಿ ನಂಬಬೇಡಿ. ಒಂದು ಕಂಪನಿಯ ಮಾಡರೇಟ್ ಇನ್ನೊಂದು ಕಂಪನಿಯ ಫಾಸ್ಟ್‌ಗೆ ಸಮ ಇರುವುದುಂಟು. ಜೊತೆಗೆ ಅರ್ಧ ಲೀಟರ್ ನೀರಿನ ಬಾಟಲಿ, ಒಂದು ಲೀಟರ್ ಬಾಟಲಿ, ನಾಲ್ಕು ಮೀಟರ್ ಲೈನ್ ಒಯ್ಯಿರಿ. ನೀರು ತುಂಬಿದರೆ ಅವು ಅರ್ಧ ಕಿಲೋ, ಒಂದು ಕಿಲೋ ತೂಗುತ್ತವೆ, ಬೇರೆ ತಕ್ಕಡಿ ಬೇಡ.

ಲೈನನ್ನು ರೀಲ್ ಕೂರುವ ಜಾಗದಲ್ಲಿ ಕಟ್ಟಿ, ಎಲ್ಲ ಗೈಡುಗಳ, ಅಂದರೆ ರಾಡಿನುದ್ದಕ್ಕೂ ಇರುವ ಉಂಗುರಗಳ, ಮೂಲಕ ಹಾಯಿಸಿ, ತುದಿಯಿಂದ ಇಳಿಬಿಟ್ಟು ಬಾಟಲಿ ಕಟ್ಟಿ. ರಾಡನ್ನು ನೆಲಕ್ಕೆ ಮೂವತ್ತು ಡಿಗ್ರಿಯಷ್ಟು ಮೇಲಕ್ಕೆ ಹಿಡಿದು ನಿಧಾನವಾಗಿ ಭಾರ ಎತ್ತಿ. ಅರ್ಧ ಕಿಲೋಗೆ ಮೇಲಿನ ಮೂರನೇ ಒಂದು ಭಾಗ ಬಾಗಬೇಕು. ಒಂದೂವರೆ ಕಿಲೋಗೆ, ಅಂದರೆ ಎರಡೂ ಬಾಟಲಿ ಸೇರಿದಾಗ, ಬಾಗು ನಡುವಿನವರೆಗೆ ಇಳಿಯಬೇಕು, ಹಿಡಿಯ ಮೇಲಿನ ಎರಡು ಅಡಿ ಹೆಚ್ಚುಕಡಿಮೆ ನೇರವಾಗಿಯೇ ಉಳಿಯಬೇಕು. ಅರ್ಧ ಕಿಲೋಗೆ ತುದಿಯ ಒಂದು ಅಡಿ ಮಾತ್ರ ಮುರಿದ ಹಾಗೆ ಕೆಳಗೆ ಬಾಗಿ ಉಳಿದದ್ದು ನೆಟ್ಟಗಿದ್ದರೆ ಅದು ನಮ್ಮ ಕೆಲಸದ್ದಲ್ಲ. ಅಷ್ಟಕ್ಕೇ ಹಿಡಿಯವರೆಗೆ ಬಾಗಿದರೂ ಅಲ್ಲ. ಬಾಗಿನ ಗೆರೆ ಎಲ್ಲಿಯೂ ಮೂಲೆ ಮೂಡದೆ ಇರಬೇಕು. ಎರಡು ತುಂಡುಗಳು ಕೂಡುವಲ್ಲಿ ಗಡುಸಾಗಿ ನಿಂತು ಅದರ ಕೆಳಗೆ ಸಟ್ಟನೆ ಬಾಗುವ ರಾಡ್ ಅಲ್ಲಿಯೇ ಒಂದು ದಿನ ಮುರಿಯುತ್ತದೆ.

ಭಾರ ಕಟ್ಟಿದಾಗ ರಾಡನ್ನು ನೆಟ್ಟಗೆ ಆಕಾಶಕ್ಕೆ ಹಿಡಿಯಬೇಡಿ. ಆಗ ಭಾರವೆಲ್ಲ ತೆಳು ತುದಿಗೆ ಬಂದು ಹೊಸ ರಾಡೂ ಮುರಿಯಬಹುದು. ಹೊಳೆಯಲ್ಲಿ ರಾಡ್ ಮುರಿಯುವುದಕ್ಕೂ ಇದು ದೊಡ್ಡ ಕಾರಣ: ಮೀನು ತೆಪ್ಪದ ಹತ್ತಿರ ಬಂದಾಗ ಗಾಬರಿಯಲ್ಲಿ ರಾಡ್ ಮೇಲೆತ್ತುವುದು.

ಕೊನೆಗೆ ಒಂದು ಚೂರು ಹತ್ತಿಯನ್ನು ಪ್ರತಿ ಗೈಡಿನ ಉಂಗುರದೊಳಗೆ ತಿರುಗಿಸಿ ನೋಡಿ. ಎಳೆ ಸಿಕ್ಕಿಕೊಂಡರೆ ಉಂಗುರದಲ್ಲಿ ಬಿರುಕಿದೆ. ಹಳೆಯ ರಾಡ್ ಕೊಳ್ಳುವಾಗ ಇದನ್ನು ಬಿಡಲೇಬೇಡಿ. ಬಿರುಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಎಳೆ ಹೆಣೆದು ಮಾಡಿದ ಬ್ರೇಡ್ ಲೈನನ್ನು ಕತ್ತರಿಸುತ್ತದೆ.

ಗ್ಲಾಸೋ ಕಾರ್ಬನ್ನೋ

ಈ ಒಂದು ಕೆಲಸಕ್ಕೆ ಫೈಬರ್‌ಗ್ಲಾಸ್ ಕಾರ್ಬನ್ನಿಗಿಂತ ಮೇಲು ಎಂದು ಧೈರ್ಯವಾಗಿ ಹೇಳಬಹುದು. ಗ್ಲಾಸ್ ನಿಧಾನವಾಗಿ ಬಾಗುತ್ತದೆ, ನಿಧಾನವಾಗಿ ನೆಟ್ಟಗಾಗುತ್ತದೆ. ಎಸೆಯುವವರಿಗೆ ಅದು ದೋಷ, ನಮಗೆ ಅದೇ ಗುಣ. ತೆಪ್ಪದ ಅಂಚಿಗೋ ಬಂಡೆಗೋ ಬಡಿದರೆ ತಾಳಿಕೊಳ್ಳುತ್ತದೆ. ಕಾರ್ಬನ್ ಕೊಳವೆಯ ಗೋಡೆ ತೆಳು. ಪ್ಲಗ್ಗಿನ ಗಾಳ ಬಡಿದು ಬಿದ್ದ ಸಣ್ಣ ಗೀರು ಆ ದಿನ ಏನೂ ಮಾಡದೆ, ತಿಂಗಳ ನಂತರ ದೊಡ್ಡ ಮೀನು ಬಂದಾಗ ಮುರಿತವಾಗುತ್ತದೆ.

ಪೂರ್ತಿ ಗ್ಲಾಸ್ ಭಾರ. ಎಂಟೂವರೆ ಅಡಿಯದನ್ನು ಅರ್ಧ ದಿನ ಕೈಯಲ್ಲೇ ಹಿಡಿದರೆ ಮುಂಗೈ ಸೋಲುತ್ತದೆ. ರಾಡ್ ಹೋಲ್ಡರಿನಲ್ಲಿ ಇಡುವವರು ಗ್ಲಾಸ್ ತೆಗೆದುಕೊಳ್ಳಲಿ. ದಂಡೆಯಲ್ಲಿ ನಿಂತು ಕೈಯಲ್ಲಿ ಹಿಡಿಯುವವರಿಗೆ ಗ್ಲಾಸ್ ಮತ್ತು ಕಾರ್ಬನ್ ಬೆರೆಸಿದ ಕಾಂಪೋಸಿಟ್ ಒಳ್ಳೆಯದು.

ಕಾರ್ಬನ್ ವಿದ್ಯುತ್ತನ್ನು ಹಾಯಿಸುತ್ತದೆ ಎನ್ನುವುದನ್ನು ಕೊಡಗಿನಲ್ಲಿ ನೆನಪಿಡಲೇಬೇಕು. ತೋಟದೊಳಗಿನ ದಾರಿಯಲ್ಲಿ ಕರೆಂಟಿನ ತಂತಿ ತಗ್ಗಿಗೆ ಜೋತಿರುವ ಕಡೆ ಜೋಡಿಸಿದ ರಾಡ್ ಎತ್ತಿ ನಡೆಯಬಾರದು. ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ ಬರುವ ಸಂಜೆಗಳಲ್ಲಿ ಗುಡುಗು ಕೇಳಿಸಿದ ಕೂಡಲೇ ರಾಡ್ ಕೆಳಗಿಟ್ಟು ನೀರಿನಿಂದ ಮೇಲೆ ಬರಬೇಕು.

ಉದ್ದ, ಹಿಡಿ, ಗೈಡು

ಎಂಟೂವರೆ ಅಡಿಗೆ ಎರಡು ಕಾರಣ. ಮೆತ್ತನೆ ಬಾಗಿಗೆ ಉದ್ದ ಬೇಕು. ಹಾಗೆಯೇ ದೋಣಿಯ ಎರಡು ಬದಿಯಲ್ಲಿ ಎರಡು ರಾಡ್ ಇಟ್ಟಾಗ ಪ್ಲಗ್ಗುಗಳು ಒಂದಕ್ಕೊಂದು ತೊಡರದಷ್ಟು ದೂರ ಬೇಕು. ದಂಡೆಯಿಂದ ಎಳೆಯುವವರಿಗೆ ಒಂಬತ್ತು ಅಡಿ ಇನ್ನೂ ಅನುಕೂಲ, ಲೈನನ್ನು ದಡದ ನಿಂತ ನೀರಿನಿಂದ ಹೊರಗೆ, ಸೆಳವಿನ ಮೇಲೆ ಹಿಡಿಯಬಹುದು. ಆದರೆ ಬಿದಿರುಮೆಳೆ, ಬಾಗಿದ ಮರದ ಕೊಂಬೆ ತುಂಬಿದ ದಂಡೆಯಲ್ಲಿ ಒಂಬತ್ತು ಅಡಿ ಹಿಂಸೆ. ಅಂಥ ಕಡೆ ಎಂಟು ಅಡಿಗೆ ಇಳಿಯಿರಿ, ಏಳಕ್ಕೆ ಬೇಡ.

ರೀಲ್ ಕೂರುವ ಜಾಗದ ಹಿಂದೆ ಹಿಡಿ 25–30 ಸೆಂಟಿಮೀಟರ್ ಇರಲಿ. ಅದಕ್ಕಿಂತ ಗಿಡ್ಡವಾದರೆ ಹೋಲ್ಡರಿನಲ್ಲಿ ಸರಿಯಾಗಿ ಕೂರುವುದಿಲ್ಲ, ಮೀನು ಎಳೆದಾಗ ಚಿಮ್ಮಿ ಹೊರಬರುತ್ತದೆ. ಬಹಳ ಉದ್ದವಾದರೆ ಹೋಲ್ಡರಿನಿಂದ ಕೀಳುವುದೇ ಕಷ್ಟ. ಹಿಡಿಗೆ ಕಾರ್ಕಿಗಿಂತ ರಬ್ಬರಿನಂಥ ಫೋಮ್ ನಮ್ಮ ಮಳೆಗಾಲಕ್ಕೆ ವಾಸಿ. ಕಾರ್ಕಿಗೆ ಬೂಷ್ಟು ಬೇಗ ಹಿಡಿಯುತ್ತದೆ.

ಎಂಟೂವರೆ ಅಡಿಗೆ ತುದಿಯದನ್ನು ಬಿಟ್ಟು ಒಂಬತ್ತು ಗೈಡಾದರೂ ಇರಬೇಕು. ಅಗ್ಗದ ರಾಡಿನಲ್ಲಿ ಉಳಿತಾಯ ಮಾಡುವುದು ಇಲ್ಲಿಯೇ. ಗೈಡು ಕಡಿಮೆಯಾದರೆ ರಾಡ್ ಬಾಗಿದಾಗ ಲೈನ್ ಬ್ಲ್ಯಾಂಕಿನ, ಅಂದರೆ ರಾಡಿನ ಕೊಳವೆಯ, ಮೈಗೆ ಉಜ್ಜುತ್ತದೆ. ರೀಲ್ ಮೇಲೆ ಕೂರುವ ಬೈಟ್‌ಕ್ಯಾಸ್ಟಿಂಗ್ ರಾಡಿನಲ್ಲಿ ಗೈಡುಗಳೂ ಮೇಲೇ ಇರುವುದರಿಂದ ಇದು ತಕ್ಷಣ ಗೊತ್ತಾಗುತ್ತದೆ.

ಜೊತೆಗಿರಬೇಕಾದ ರೀಲ್ ಮತ್ತು ಲೈನ್

ರಾಡಿನ ಕೆಳಗೆ ತೂಗುವ ಸ್ಪಿನ್ನಿಂಗ್ ರೀಲಿನಲ್ಲಿಯೂ ಪ್ಲಗ್ ಎಳೆಯಬಹುದು. ಬೈಟ್‌ಕ್ಯಾಸ್ಟಿಂಗ್ ರೀಲ್ ಉತ್ತಮ, ಏಕೆಂದರೆ ಹೆಬ್ಬೆರಳಿನಿಂದ ತಡೆಯುತ್ತಾ ಪ್ಲಗ್ಗನ್ನು ಅಳೆದು ಕೆಳಗೆ ಬಿಡಬಹುದು. 20 ಪೌಂಡಿನ ಲೈನ್ 150 ಮೀಟರಾದರೂ ಹಿಡಿಯುವಂತಿರಲಿ. ಮೀಟರ್ ತೋರಿಸುವ ರೀಲ್ ಇಲ್ಲದಿದ್ದರೆ ಲೈನಿನ ಮೇಲೆ 15 ಮೀಟರಿಗೆ ಕಪ್ಪು ಮಾರ್ಕರಿನಲ್ಲಿ ಗುರುತು ಹಾಕಿಕೊಳ್ಳಿ. ಎರಡು ರಾಡ್ ಇದ್ದಾಗ ಎರಡೂ ಪ್ಲಗ್ ಒಂದೇ ದೂರದಲ್ಲಿರಬೇಕು. ಅಕ್ಕಪಕ್ಕದಲ್ಲಿ ಸಮನಾಗಿ ಬರುವ ಪ್ಲಗ್ಗುಗಳು ಮೀನನ್ನು ಕೆಳಕ್ಕೆ ದೂಡುತ್ತಾ ಹೋಗುತ್ತವೆ. ಒಂದು ಮುಂದೆ ಒಂದು ಹಿಂದೆ ಆದರೆ ಮೀನು ನಡುವಿನಿಂದ ಜಾರಿಕೊಳ್ಳುತ್ತದೆ.

ನೈಲಾನ್ ಮಾನೋ ಲೈನ್ ಹಿಗ್ಗುತ್ತದೆ. ಹೀಗಾಗಿ ರಾಡ್ ಸ್ವಲ್ಪ ಗಟ್ಟಿ ಇದ್ದರೂ ನಡೆಯುತ್ತದೆ. ಬ್ರೇಡ್ ಹಿಗ್ಗುವುದಿಲ್ಲ, ತೆಳುವಾದ್ದರಿಂದ ಪ್ಲಗ್ಗನ್ನು ಹೆಚ್ಚು ಆಳಕ್ಕೆ ಬಿಡುತ್ತದೆ. ಅದನ್ನು ಹಾಕಿದರೆ ರಾಡ್ ಇನ್ನೂ ಮೆತ್ತಗಿರಲೇಬೇಕು. ಈಗಾಗಲೇ ಫಾಸ್ಟ್ ಆಕ್ಷನ್ ರಾಡ್ ಇದೆ, ಹೊಸದಕ್ಕೆ ಹಣ ಇಲ್ಲ ಎನ್ನುವವರು ಬ್ರೇಡ್ ತೆಗೆದು 20 ಪೌಂಡಿನ ಮಾನೋ ಸುತ್ತಿ. ದೋಷ ಪೂರ್ತಿ ಹೋಗುವುದಿಲ್ಲ, ಅರ್ಧ ಹೋಗುತ್ತದೆ. ಬ್ರೇಡ್ ಹಾಕುವವರು ಬಂಡೆಗೆ ಉಜ್ಜುವ ಕೊನೆಯ ಒಂದೂವರೆ ಮೀಟರಿಗೆ 30 ಪೌಂಡಿನ ಫ್ಲೂರೋಕಾರ್ಬನ್ ಲೀಡರ್ ಕಟ್ಟಬೇಕು.

ಡ್ರ್ಯಾಗನ್ನು, ಅಂದರೆ ಮೀನು ಎಳೆದಾಗ ರೀಲ್ ಲೈನ್ ಬಿಡುವ ಬಿಗಿಯನ್ನು, ಲೈನಿನ ಬಲದ ಕಾಲು ಭಾಗಕ್ಕೆ ಇಟ್ಟು ಶುರು ಮಾಡಿ. 20 ಪೌಂಡಿಗೆ ಅದು 5 ಪೌಂಡ್, ಅಂದರೆ ಎರಡೂಕಾಲು ಕಿಲೋ. ಮನೆಯಲ್ಲಿರುವ ಸ್ಪ್ರಿಂಗ್ ತಕ್ಕಡಿಗೆ ಲೈನ್ ಸಿಕ್ಕಿಸಿ, ರಾಡ್ ಬಾಗಿಸಿ ಎಳೆದು ನೋಡಿ. ಕೈ ಅಂದಾಜಿನಲ್ಲಿ ಬಿಗಿ ಮಾಡಿದ್ದು ಸಾಮಾನ್ಯವಾಗಿ ಹೆಚ್ಚೋ ಕಡಿಮೆಯೋ ಆಗಿರುತ್ತದೆ.

ಮಹಶೀರಿನ ದವಡೆಯಲ್ಲಿ ಹಲ್ಲಿಲ್ಲ. ಗಂಟಲಿನಲ್ಲಿರುವ ಹಲ್ಲುಗಳಿಂದ ಅದು ಏಡಿ, ಶಂಖದ ಹುಳುವನ್ನೂ ಜಜ್ಜುತ್ತದೆ. ಅಂಗಡಿಯ ಪ್ಲಗ್ಗಿನ ಜೊತೆ ಬರುವ ಮೂರು ಮುಳ್ಳಿನ ತೆಳು ಗಾಳ ಅದಕ್ಕೆ ನೆಟ್ಟಗಾಗಿಬಿಡುತ್ತದೆ. ಅದನ್ನು ಕಿತ್ತು, ದಪ್ಪ ತಂತಿಯ ಒಂಟಿ ಗಾಳ ಹಾಕಿ, ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿಬಿಡಿ. ಮೆತ್ತನೆ ರಾಡಿನಲ್ಲಿ ಲೈನ್ ಸಡಿಲವಾಗದ ಕಾರಣ ಹಿಮ್ಮುಳ್ಳಿಲ್ಲದಿದ್ದರೂ ಮೀನು ತಪ್ಪುವುದು ಕಡಿಮೆ.

ಹೊಳೆಗಿಳಿದ ಮೇಲೆ

ರಾಡ್ ಸರಿಯೋ ತಪ್ಪೋ ಎಂದು ಕೊನೆಯ ತೀರ್ಪು ಕೊಡುವುದು ಸೆಳವು. ಪ್ಲಗ್ಗನ್ನು 15 ಮೀಟರ್ ಬಿಟ್ಟು ತಡೆಯಿರಿ. ತುದಿ ಸ್ವಲ್ಪ ಬಾಗಿ, ಒಂದೇ ಲಯದಲ್ಲಿ ಟುಕ್ ಟುಕ್ ಎಂದು ಮಿಡಿಯುತ್ತಿರಬೇಕು. ಆ ಮಿಡಿತವೇ ಪ್ಲಗ್ ನೆಟ್ಟಗೆ ಓಡುತ್ತಿದೆ ಎನ್ನುವುದಕ್ಕೆ ಸಾಕ್ಷಿ. ಮಿಡಿತ ನಿಂತರೆ ಎಲೆಯೋ ಪಾಚಿಯೋ ಸಿಕ್ಕಿದೆ, ಸುತ್ತಿ ತೆಗೆಯಿರಿ. ತುದಿ ಅಲುಗದೆ ನಿಂತಿದ್ದರೆ ರಾಡ್ ಗಟ್ಟಿ, ಇಲ್ಲವೇ ಸೆಳವು ಸಾಲದು.

ಮೀನಿಲ್ಲದೆಯೇ ರಾಡ್ ನಡುವಿನವರೆಗೆ ಬಾಗಿದ್ದರೆ ಅದು ಇನ್ನೂ ಕೆಟ್ಟದ್ದು. ದೊಡ್ಡ ನಾಲಿಗೆಯ ಪ್ಲಗ್ ಜೋರು ಸೆಳವಿನಲ್ಲಿ ಬಹಳ ಭಾರವಾಗಿ ಎಳೆಯುತ್ತದೆ. ಬಾಗಬೇಕಾದದ್ದೆಲ್ಲ ಪ್ಲಗ್ಗಿಗೇ ಖರ್ಚಾದರೆ ಮೀನಿಗೆ ಕೊಡಲು ಏನೂ ಉಳಿಯುವುದಿಲ್ಲ. ಮೆತ್ತನೆ ರಾಡ್ ಕೊಂಡರೂ ಮೀನು ತಪ್ಪುತ್ತಿದೆ ಎನ್ನುವವರಲ್ಲಿ ಹಲವರ ತೊಂದರೆ ಇದೇ. ಪ್ಲಗ್ ಸಣ್ಣದು ಮಾಡಿ, ಇಲ್ಲವೇ ತಡೆಯುವುದನ್ನು ಸಡಿಲಿಸಿ.

ಪ್ಲಗ್ ಒಂದು ಪಕ್ಕಕ್ಕೆ ಓಡಿದರೆ ಅದರ ಮೂತಿಯನ್ನು ನಿಮ್ಮ ಕಡೆ ಹಿಡಿದು, ಓಡುವ ದಿಕ್ಕಿಗೆ ವಿರುದ್ಧವಾಗಿ ಲೈನ್ ಕಟ್ಟುವ ಕೊಂಡಿಯನ್ನು ಇಕ್ಕಳದಿಂದ ಕೂದಲೆಳೆಯಷ್ಟು ಬಗ್ಗಿಸಿ. ದಂಡೆಯಿಂದ ಎಳೆಯುವವರು ಬೇಕೆಂದೇ ಪ್ಲಗ್ ನಡುಹೊಳೆಯ ಕಡೆಗೆ ಓಡುವಂತೆ ಸ್ವಲ್ಪ ಬಗ್ಗಿಸಿಕೊಳ್ಳಬಹುದು.

ರಾಡನ್ನು ನೀರಿನ ಮೇಲೆ ತಗ್ಗಾಗಿ, ಹೊರಕ್ಕೆ 45 ಡಿಗ್ರಿ ಓರೆಯಾಗಿ ಇಡಿ. ನೇರ ಪ್ಲಗ್ಗಿನ ಕಡೆ ಚಾಚಿದರೆ ಎಳೆತ ರೀಲಿಗೆ ಹೋಗುತ್ತದೆ, ರಾಡ್ ಬಾಗುವುದೇ ಇಲ್ಲ. ಮೀನು ಬಡಿದಾಗ ಮುಟ್ಟಬೇಡಿ. ಮೊದಲ ಒಂದೆರಡು ಬಡಿತಕ್ಕೆ ಕೈ ಹಾಕಿ ಜಗ್ಗಿದರೆ ಮೆತ್ತನೆ ರಾಡಿನ ಉಪಕಾರವೆಲ್ಲ ವ್ಯರ್ಥ. ತುದಿ ಬಾಗಿ ನೀರಿನ ಕಡೆ ಇಳಿದು ಅಲ್ಲೇ ನಿಂತಾಗ, ರೀಲ್ ಲೈನ್ ಬಿಡಲು ಶುರು ಮಾಡಿದಾಗ, ರಾಡ್ ಎತ್ತಿಕೊಳ್ಳಿ.

ನಮ್ಮ ತೆಪ್ಪ ಆರೆಗನ್ನಿನ ದೋಣಿಯಂತಲ್ಲ. ದುಂಡಗಿನ ತೆಪ್ಪ ತಡೆದು ಹಿಡಿಯುವಾಗ ಗಿರಗಿರ ತಿರುಗುತ್ತದೆ. ಒಬ್ಬರು ಹುಟ್ಟು ಬಿಟ್ಟು ಬೇರೇನೂ ಮುಟ್ಟದೆ ಇರಬೇಕು. ಒಂದು ತೆಪ್ಪಕ್ಕೆ ಒಂದೇ ರಾಡ್, ಅದೂ ಕೈಯಲ್ಲಿ. ಬಿದಿರಿನ ಅಂಚಿಗೆ ಹೋಲ್ಡರ್ ಬಿಗಿದರೆ ದೊಡ್ಡ ಮೀನಿನ ಎಳೆತಕ್ಕೆ ಅಂಚೇ ಕಿತ್ತು ಬರಬಹುದು. ಗಾಳಿ ತುಂಬಿದ ರಾಫ್ಟಿಗೆ ಹುಟ್ಟಿನ ಚೌಕಟ್ಟು ಇದ್ದರೆ ಎರಡು ರಾಡ್ ಇಡಬಹುದು. ಲೈಫ್ ಜಾಕೆಟ್ ಇಲ್ಲದೆ ಎರಡರಲ್ಲೂ ಹತ್ತಬೇಡಿ. ದುಬಾರೆಯ ಆಸುಪಾಸಿನಲ್ಲಿ ಆನೆ ನೀರಿಗಿಳಿಯುವ ಹೊತ್ತಿಗೆ ಮುಂಚೆಯೇ ಹೊಳೆ ಬಿಡಿ.

ಜೂನ್‌ನಿಂದ ಸೆಪ್ಟೆಂಬರ್ ತನಕದ ಕೆನ್ನೀರಿನಲ್ಲಿ ಈ ಕೆಲಸ ಆಗುವುದಿಲ್ಲ. ಮಳೆ ಹಿಂದೆಗೆದು ನೀರು ತಿಳಿಯಾದ ಮೇಲೆ, ಸೆಳವು ಇನ್ನೂ ಉಳಿದಿರುವ ನವೆಂಬರ್–ಜನವರಿ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಹೊಳೆ ಮಡುಗಳಾಗಿ ಒಡೆಯುತ್ತದೆ. ಎಳೆಯಲು ಸೆಳವೂ ಇಲ್ಲ, ಬೆಚ್ಚನೆ ನೀರಿನಲ್ಲಿ ದಣಿದ ಮೀನು ಬಿಟ್ಟ ಮೇಲೂ ಬದುಕುವುದು ಕಷ್ಟ.

ಮೀನಿನ ಮಾತು ಬಂದಾಗ ಇದನ್ನು ಹೇಳದೆ ಆಗದು. ಕಾವೇರಿಯ ಗೂನುಬೆನ್ನಿನ ಮಹಶೀರಿಗೆ 2018ರಲ್ಲಿ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾಯಿತು. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿದೆ ಎಂದು ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ಪಟ್ಟಿಗೂ ಸೇರಿತು. ತೆಳು ಲೈನಿನಲ್ಲಿ ಗಂಟೆಗಟ್ಟಲೆ ಆಡಿಸುವುದು ಚಾತುರ್ಯವಲ್ಲ, ಮೀನನ್ನು ಕೊಲ್ಲುವ ದಾರಿ. ಮೇಲೆ ಹೇಳಿದ ಬಲದ ರಾಡ್ ಬೇಕೆನ್ನುವುದಕ್ಕೆ ಅರ್ಧ ಕಾರಣ ಇದು: ಬೇಗ ಹತ್ತಿರ ತಂದು, ಒದ್ದೆ ಕೈಯಲ್ಲಿ, ನೀರಿನೊಳಗೇ ಗಾಳ ಬಿಡಿಸಿ, ತಲೆಯನ್ನು ಮೇಲ್ಹೊಳೆಗೆ ಹಿಡಿದು, ಅದೇ ಕೈಯಿಂದ ಜಾರಿ ಹೋಗುವವರೆಗೆ ಕಾಯುವುದು. ನಾಗರಹೊಳೆ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅರಣ್ಯಗಳ ಒಳಗಿನ ನೀರಿನಲ್ಲಿ ಗಾಳ ಹಾಕುವಂತಿಲ್ಲ. ಇವುಗಳ ಹೊರಗೆ, ಕಾವೇರಿ ದಂಡೆಯ ವಾಲ್ನೂರಿನಂಥ ಕಡೆಯೂ ಅನುಮತಿ ಕೇಳಿಯೇ ಇಳಿಯಬೇಕು.

ಮನೆಗೆ ಬಂದ ಮೇಲೆ

ಒದ್ದೆ ರಾಡನ್ನು ಬಟ್ಟೆಯ ಚೀಲಕ್ಕೆ ಹಾಕಿ ಕೊಳವೆಯೊಳಗೆ ಮುಚ್ಚಿಟ್ಟರೆ ಗೈಡು ಕಟ್ಟಿದ ದಾರದ ಮೇಲಿನ ವಾರ್ನಿಷ್ ಗುಳ್ಳೆ ಏಳುತ್ತದೆ. ಒರೆಸಿ, ಒಂದು ರಾತ್ರಿ ಗಾಳಿಗೆ ಬಿಟ್ಟು ಆಮೇಲೆ ಚೀಲಕ್ಕೆ ಹಾಕಿ. ಮಳೆಗಾಲದ ನಾಲ್ಕು ತಿಂಗಳು ಚೀಲದಲ್ಲಿ ಬೇಡವೇ ಬೇಡ, ಗೋಡೆಗೆ ಎರಡು ಕಡೆ ಆನಿಸಿ ಮಲಗಿಸಿಡಿ. ಮೂಲೆಯಲ್ಲಿ ಒರಗಿಸಿದರೆ ಗ್ಲಾಸ್ ರಾಡ್ ನಿಧಾನವಾಗಿ ಸೊಟ್ಟಗಾಗುತ್ತದೆ.

ತುಂಡುಗಳು ಕೂಡುವ ಜಾಗಕ್ಕೆ ಮೇಣದಬತ್ತಿಯನ್ನು ತೆಳುವಾಗಿ ಉಜ್ಜಿ. ಮೀನು ಆಡಿಸುವಾಗ ತಿರುಚಿ ಸಡಿಲವಾಗುವುದೂ ಇಲ್ಲ, ಬಿಗಿದು ಅಂಟಿಕೊಳ್ಳುವುದೂ ಇಲ್ಲ. ಅಂಟಿಕೊಂಡರೆ ಗೈಡು ಹಿಡಿದು ತಿರುಚಬೇಡಿ, ಗೈಡಿನ ಕಾಲು ಬ್ಲ್ಯಾಂಕನ್ನು ಸೀಳುತ್ತದೆ. ರಾಡನ್ನು ಬೆನ್ನ ಹಿಂದೆ ಮಂಡಿಯ ಮಟ್ಟಕ್ಕೆ ಅಡ್ಡ ಹಿಡಿದು, ಎರಡೂ ಕೈಗಳನ್ನು ಮಂಡಿಯ ಹೊರಬದಿಗೆ ತಂದು, ಕೈ ನೆಟ್ಟಗಿಟ್ಟುಕೊಂಡೇ ಮಂಡಿಗಳನ್ನು ಅಗಲಿಸಿ. ನೇರ ಎಳೆತಕ್ಕೆ ತುಂಡುಗಳು ಕಳಚುತ್ತವೆ.